ಐಸಿಯುನಿಂದ ಮನೆಗೆ ಬಂದ ತಂದೆಗೆ ಮರೆವು: ಆಂಟಿಆಕ್ಸಿಡೆಂಟ್ ಕೊಡಿಸಬೇಕೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ, ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹಾಸನದಲ್ಲಿದ್ದಾರೆ. ನ್ಯುಮೋನಿಯಾ ಸೆಪ್ಸಿಸ್‌ಗೆ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಗಳಿಗೆ ಪೆಟ್ಟಾಗುವ ಸ್ಥಿತಿ) ತಿರುಗಿ 12 ದಿನ ಐಸಿಯುನಲ್ಲಿದ್ದರು, ಅದರಲ್ಲಿ 7 ದಿನ ವೆಂಟಿಲೇಟರ್. ಅಲ್ಲಿದ್ದಾಗ ಗೋಡೆ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಿದ್ದರು, ನಮ್ಮ ಗುರುತೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮನೆಗೆ ಬಂದು ಮೂರು ತಿಂಗಳಾಯಿತು. ಜ್ವರ, ಕಫ ಹೋಗಿದೆ. ಆದರೆ ಮೊದಲಿನ ಚುರುಕು ಇಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ, ಪೇಪರ್ ಓದಿದರೆ ಅರ್ಧಕ್ಕೆ ಬಿಡುತ್ತಾರೆ, ಲೆಕ್ಕ ತಪ್ಪುತ್ತದೆ. ತೂಕ 66ರಿಂದ 58 ಕೆ.ಜಿ.ಗೆ ಇಳಿದಿದೆ. ಈಗಿನ ಮಾತ್ರೆಗಳು: ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್–ಹೈಡ್ರೋಕ್ಲೋರೋಥಯಜೈಡ್, ಆಸ್ಪಿರಿನ್, ಪ್ಯಾಂಟೊಪ್ರಜೋಲ್, ರಾತ್ರಿಗೆ ಕ್ಲೊನಜೆಪಾಮ್ 0.5 ಮತ್ತು ಕ್ವೆಟಿಯಾಪಿನ್ 25. ರಾತ್ರಿ ಆಕ್ಸಿಜನ್ ಮೆಷಿನ್ ಎರಡು ಲೀಟರ್‌ಗೆ ಇಡುತ್ತೇವೆ. ಪರಿಚಯದವರೊಬ್ಬರು ‘ಇದು ಆಕ್ಸಿಡೇಟಿವ್ ಸ್ಟ್ರೆಸ್, ಮೆದುಳು ಸವೆದಿದೆ’ ಎಂದು ಹೇಳಿ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್, ಗ್ಲುಟಾಥಯೋನ್ ಡ್ರಿಪ್ ಕೊಡಿಸಲು ಒತ್ತಾಯಿಸುತ್ತಿದ್ದಾರೆ. ಇದು ನಿಜವೇ? ಡಿಮೆನ್ಷಿಯಾ ಶುರುವಾಯಿತೇ? ಬ್ಯಾಂಕ್ ವ್ಯವಹಾರ, ಸ್ಕೂಟರ್ ಅವರ ಕೈಗೆ ಕೊಡಬಹುದೇ?

ಉತ್ತರ: ಕಾರಣ ಹೇಳಿದವರು ಅರ್ಧ ಸರಿ ಹೇಳಿದ್ದಾರೆ. ಮದ್ದು ಹೇಳಿದ್ದು ಮಾತ್ರ ಸರಿಯಿಲ್ಲ. ಕ್ಯಾಪ್ಸೂಲಿಗೂ ಡ್ರಿಪ್‌ಗೂ ದುಡ್ಡು ಹಾಕುವ ಮೊದಲು ನೀವೇ ಬರೆದಿರುವ ಮಾತ್ರೆಗಳ ಪಟ್ಟಿಯನ್ನು ನೋಡೋಣ. ನಿಮ್ಮ ತಂದೆಯ ಮಂಕಿಗೆ ಕಾರಣವಾಗಿರಬಹುದಾದ, ವೈದ್ಯರಿಗೆ ಹೇಳಿ ಸರಿಪಡಿಸಲು ಬರುವ ನಾಲ್ಕೈದು ಸಂಗತಿಗಳು ಅದರಲ್ಲೇ ಕಾಣುತ್ತಿವೆ. ಅದಕ್ಕೂ ಮುಂಚೆ ಐಸಿಯುನಲ್ಲಿ ಮೆದುಳಿಗೆ ಏನಾಗಿರುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಾದರೆ ಕ್ಯಾಪ್ಸೂಲ್ ಯಾಕೆ ಕೆಲಸ ಮಾಡುವುದಿಲ್ಲ ಎನ್ನುವುದೂ ಗೊತ್ತಾಗುತ್ತದೆ.

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2. ಸುಮ್ಮನೆ ಕೂತಿದ್ದಾಗಲೂ ಅದು ಬಳಸುವ ಆಮ್ಲಜನಕ ಶೇ. 20ರಷ್ಟು. ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಸೂಪರ್‌ಆಕ್ಸೈಡ್‌ನಂಥ ಚುರುಕು ಕಣಗಳು ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತವೆ. ಅವನ್ನು ತಣ್ಣಗಾಗಿಸಲು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ದೇಹದಲ್ಲೇ ಇವೆ. ಹುಟ್ಟುವುದಕ್ಕೂ ಆರುವುದಕ್ಕೂ ಲೆಕ್ಕ ತಾಳೆಯಾಗುತ್ತಿದ್ದರೆ ತೊಂದರೆಯಿಲ್ಲ. ತಾಳೆ ತಪ್ಪಿದ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ, ಈ ಕಣಗಳನ್ನು ತಣ್ಣಗಾಗಿಸುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ.

ಸೆಪ್ಸಿಸ್‌ನಲ್ಲಿ ಈ ಲೆಕ್ಕ ಹಲವು ಕಡೆಯಿಂದ ಏಕಕಾಲಕ್ಕೆ ತಪ್ಪುತ್ತದೆ. ರೋಗಾಣು ಕೊಲ್ಲಲು ಬಿಳಿ ರಕ್ತಕಣಗಳು ಬೇಕೆಂದೇ ಈ ಕಣಗಳನ್ನು ಉಗುಳುತ್ತವೆ. ರಕ್ತದಲ್ಲಿ ಹರಿದಾಡುವ ಉರಿಯೂತದ ಸಂಕೇತಗಳು ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾವನ್ನು ಕೆರಳಿಸುತ್ತವೆ. ಅವುಗಳಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಸೂಪರ್‌ಆಕ್ಸೈಡ್ ಸುರಿಸತೊಡಗುತ್ತದೆ. ಅದೇ ಹೊತ್ತಿಗೆ ನೈಟ್ರಿಕ್ ಆಕ್ಸೈಡ್ ಕೂಡ ವಿಪರೀತ ತಯಾರಾಗುತ್ತದೆ. ಇವೆರಡೂ ಕೂಡಿದರೆ ಪೆರಾಕ್ಸಿನೈಟ್ರೈಟ್. ಅದು ಮೈಟೊಕಾಂಡ್ರಿಯಾದ ಯಂತ್ರಾಂಗಗಳಿಗೇ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಮೈಟೊಕಾಂಡ್ರಿಯಾ ಇನ್ನಷ್ಟು ಸೋರುತ್ತದೆ. ಬಿಪಿ ಬಿದ್ದು ರಕ್ತ ಕಡಿಮೆಯಾಗಿ, ಔಷಧಿಯಿಂದ ಮತ್ತೆ ಏರಿದಾಗ ಒಮ್ಮೆಲೇ ನುಗ್ಗುವ ಆಮ್ಲಜನಕದಿಂದಲೂ ಇಂಥದ್ದೇ ಇನ್ನೊಂದು ಅಲೆ ಏಳುತ್ತದೆ. ಮೆದುಳಿನ ಕೋಶಗಳ ಹೊದಿಕೆಯಲ್ಲಿ ಬಹಳವಾಗಿ ಇರುವುದು ಡಿಎಚ್‌ಎ ಎಂಬ ಕೊಬ್ಬಿನಾಮ್ಲ. ಆರು ಜೋಡಿಬಂಧಗಳಿರುವ ಈ ಕೊಬ್ಬು ಬೇಗ ಕೆಡುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಇದೇ ರಸಾಯನದಿಂದ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಈ ಪೆಟ್ಟಿಗೆ ಬೇಗ ಸಿಗುತ್ತದೆ. ವಯಸ್ಸಾದವರಲ್ಲಿ ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ದಾಸ್ತಾನು ಮೊದಲೇ ಕಡಿಮೆ, ಮೈಕ್ರೋಗ್ಲಿಯಾ ಸಣ್ಣ ಕಾರಣಕ್ಕೂ ಸಿಡಿಯುವ ಸ್ಥಿತಿಯಲ್ಲಿರುತ್ತದೆ. ಅದೇ ನ್ಯುಮೋನಿಯಾ 35ರವರಿಗೆ ಬಂದಾಗ ಮೆದುಳು ತಡೆದುಕೊಂಡಷ್ಟು 71ರವರಿಗೆ ಬಂದಾಗ ತಡೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ನಿಜವಾದರೂ ಆಕ್ಸಿಡೇಟಿವ್ ಸ್ಟ್ರೆಸ್ ಒಂದೇ ಅಪರಾಧಿ ಎಂದು ತಿಳಿಯಬೇಡಿ. ಆಮ್ಲಜನಕ ಇಳಿದ ಗಂಟೆಗಳು, ಸಕ್ಕರೆಯ ಏರಿಳಿತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ನಿದ್ದೆಯಿಲ್ಲದ ರಾತ್ರಿಗಳು, ಮಂಪರು ಬರಿಸಲು ಕೊಡುವ ಬೆಂಜೊಡಯಜೆಪೈನ್ ಔಷಧಿಗಳು ಎಲ್ಲವೂ ಸೇರಿರುತ್ತವೆ. ನೀವು ಬರೆದಿರುವ ಗೋಡೆ ಮೇಲಿನ ಇರುವೆ, ಗುರುತು ತಪ್ಪುವುದು ಇವು ಡೆಲಿರಿಯಂನ ಲಕ್ಷಣ. ನಮ್ಮ ಕಡೆ ಸನ್ನಿ ಎನ್ನುವುದು ಇದನ್ನೇ. ಮುಂದೆ ಮರೆವು ಉಳಿಯುತ್ತದೆಯೇ ಎಂದು ಅಂದಾಜಿಸಲು ನಮ್ಮ ಬಳಿ ಇರುವ ಒಳ್ಳೆಯ ಸುಳಿವೂ ಅದೇ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಸಿರಾಟ ಕೈಕೊಟ್ಟು ಇಲ್ಲವೇ ಶಾಕ್ (ಬಿಪಿ ಕುಸಿತ) ಆಗಿ ಐಸಿಯು ಸೇರಿದ್ದ 821 ಜನರಿದ್ದರು. ಆಸ್ಪತ್ರೆಯಲ್ಲಿದ್ದಾಗ ಶೇ. 74 ಜನರಿಗೆ ಡೆಲಿರಿಯಂ ಬಂತು. ಮೂರು ತಿಂಗಳಿಗೆ ಪರೀಕ್ಷೆ ಮಾಡಿದಾಗ ಶೇ. 40 ಜನರ ಅಂಕ ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು, ಶೇ. 26 ಜನರದ್ದು ಆರಂಭದ ಆಲ್‌ಝೈಮರ್ಸ್ ಮಟ್ಟಕ್ಕೆ. ಒಂದು ವರ್ಷಕ್ಕೆ ಇವು ಶೇ. 34 ಮತ್ತು ಶೇ. 24. ಡೆಲಿರಿಯಂ ಹೆಚ್ಚು ದಿನ ಇದ್ದವರ ಅಂಕ ಹೆಚ್ಚು ಕೆಳಗಿತ್ತು.

ಹಾಗಾಗಿ ನಿಮ್ಮ ತಂದೆಗೆ ಆಗಿರುವುದು ಅಪರೂಪವೂ ಅಲ್ಲ, ನೆಪವೂ ಅಲ್ಲ, ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕುವಂಥದ್ದೂ ಅಲ್ಲ.

ಇನ್ನು ಮದ್ದಿನ ವಿಷಯ. ಬ್ರೆಜಿಲ್‌ನ ಸಂಶೋಧಕರು 2007ರಲ್ಲಿ ಸೆಪ್ಸಿಸ್ ಬರಿಸಿದ ಇಲಿಗಳಿಗೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಔಷಧಿಯ ಜೊತೆ ಕಬ್ಬಿಣವನ್ನು ಹಿಡಿದಿಡುವ ಡೆಫೆರೊಕ್ಸಮೀನ್ ಕೊಟ್ಟಾಗ ಮುಂದೆ ಬರುವ ನೆನಪಿನ ತೊಂದರೆ ತಪ್ಪಿತು. ಅಂಗಡಿ ಕ್ಯಾಪ್ಸೂಲಿನ ವಾದದ ಹಿಂದಿರುವುದು ಇಂಥ ಪ್ರಯೋಗಗಳೇ. ಆದರೆ ಆ ಇಲಿಗಳಿಗೆ ಔಷಧಿ ಸಿಕ್ಕಿದ್ದು ಸೋಂಕು ಹತ್ತಿದ ಕೂಡಲೇ. ಮೂರು ತಿಂಗಳಾದ ಮೇಲಲ್ಲ. ಮನುಷ್ಯರಲ್ಲಂತೂ ಸರಿಯಾದ ಹೊತ್ತಿಗೆ, ಐಸಿಯುನಲ್ಲೇ ಕೊಟ್ಟು ನೋಡಿದರೂ ಫಲ ಸಿಗಲಿಲ್ಲ. 2013ರ ರೆಡಾಕ್ಸ್ ಪ್ರಯೋಗದಲ್ಲಿ 1,223 ರೋಗಿಗಳಿದ್ದರು; ಸೆಲೆನಿಯಂ, ಸತು, ಬೀಟಾ ಕ್ಯಾರೊಟೀನ್, ವಿಟಮಿನ್ ಇ, ವಿಟಮಿನ್ ಸಿ ಕೊಟ್ಟವರಿಗೆ ಲಾಭವಾಗಲಿಲ್ಲ, ಗ್ಲುಟಮೀನ್ ಎಂಬ ಅಮೈನೋ ಆಮ್ಲ ಕೊಟ್ಟವರಲ್ಲಿ ಸಾವು ಹೆಚ್ಚಾಯಿತು. 2022ರ ಲೊವಿಟ್ ಪ್ರಯೋಗದಲ್ಲಿ ಸೆಪ್ಸಿಸ್ ರೋಗಿಗಳಿಗೆ ಆರು ಗಂಟೆಗೊಮ್ಮೆ ಕೆ.ಜಿ.ಗೆ 50 ಮಿ.ಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ಡ್ರಿಪ್ ಕೊಟ್ಟರು. 28ನೇ ದಿನಕ್ಕೆ ಸಾವು ಅಥವಾ ಅಂಗವೈಫಲ್ಯ ವಿಟಮಿನ್ ಸಿ ಪಡೆದವರಲ್ಲಿ ಶೇ. 44.5, ಪಡೆಯದವರಲ್ಲಿ ಶೇ. 38.5.

ಯಾಕೆ ಹೀಗೆ? ಈ ಚುರುಕು ಕಣಗಳು ಬರೀ ಕಸವಲ್ಲ. ರೋಗಾಣು ಕೊಲ್ಲುವುದಕ್ಕೆ ಅವು ಬೇಕು, ‘ರಕ್ಷಣೆ ಹೆಚ್ಚಿಸು’ ಎಂದು ಕೋಶಕ್ಕೆ ಹೇಳುವುದಕ್ಕೂ ಅವೇ ಬೇಕು. ನುಂಗಿದ ಮಾತ್ರೆ ಮೈಟೊಕಾಂಡ್ರಿಯಾದ ಒಳಗೆ, ಬೇಕಾದ ಜಾಗಕ್ಕೆ, ಬೇಕಾದ ಪ್ರಮಾಣದಲ್ಲಿ ತಲುಪುವುದೂ ಇಲ್ಲ. ಬಿಡುಗಡೆಯಾದ ಕಬ್ಬಿಣ ಸುತ್ತಮುತ್ತ ಇದ್ದರೆ ವಿಟಮಿನ್ ಸಿಯೇ ತಿರುಗಿ ಕಣಗಳನ್ನು ಹುಟ್ಟಿಸಬಲ್ಲದು.

ಒಂದೊಂದನ್ನೇ ಹೇಳುತ್ತೇನೆ, ಯಾಕೆಂದರೆ ಒತ್ತಾಯ ಮತ್ತೆ ಬರುತ್ತದೆ. ಗ್ಲುಟಾಥಯೋನ್ ಮಾತ್ರೆಯ ಬಹುಭಾಗ ಕರುಳಲ್ಲೇ ಒಡೆದುಹೋಗುತ್ತದೆ. ಅದರ ಡ್ರಿಪ್‌ನಿಂದ ಐಸಿಯು ನಂತರದ ಮರೆವು ಕಡಿಮೆಯಾಗುತ್ತದೆ ಎನ್ನಲು ನಂಬುವಂಥ ಪ್ರಯೋಗ ಇಲ್ಲ. ಸೂಜಿ ಜಾಗದ ಸೋಂಕು, ಅಲರ್ಜಿ ಮಾತ್ರ ಉಚಿತವಾಗಿ ಸಿಗಬಹುದು. ವಿಟಮಿನ್ ಇ ದಿನಕ್ಕೆ 400 ಐಯು ಅಥವಾ ಹೆಚ್ಚು ತೆಗೆದುಕೊಂಡರೆ, ಆಸ್ಪಿರಿನ್ ಮೇಲಿರುವ ನಿಮ್ಮ ತಂದೆಗೆ ರಕ್ತಸ್ರಾವದ ಭಯ. ಗಿಂಕೊ ಎಂಬ ಗಿಡಮೂಲಿಕೆಗೂ ಅದೇ ಮಾತು. 75 ದಾಟಿದ 3,069 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಡಿಮೆನ್ಷಿಯಾ ತಡೆಯಲಿಲ್ಲ. ಸತು 50 ಮಿ.ಗ್ರಾಂ ಮಾತ್ರೆ ಕೋವಿಡ್ ಕಾಲದಿಂದ ಎಷ್ಟೋ ಮನೆಗಳಲ್ಲಿ ಹಾಗೇ ಮುಂದುವರಿದಿದೆ. ತಿಂಗಳುಗಟ್ಟಲೆ ತಿಂದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ, ಕಾಲು ಜೋಮು, ನಡಿಗೆಯಲ್ಲಿ ಓಲಾಟ ಬರಬಹುದು. ಬೀಟಾ ಕ್ಯಾರೊಟೀನ್ ಮಾತ್ರೆ ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿದ್ದು 1990ರ ದಶಕದಲ್ಲೇ ಸಾಬೀತಾಗಿದೆ. ‘ಬ್ರೇನ್ ಟಾನಿಕ್’ ಎಂದು ಬರೆದುಕೊಡುವ ಸಿಟಿಕೋಲಿನ್, ಪಾರ್ಶ್ವವಾಯು ಆದ 2,298 ಜನರ ಮೇಲೆ ಯುರೋಪಿನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲೇ ಉಪಯೋಗ ತೋರಿಸಲಿಲ್ಲ. ಕಬ್ಬಿಣದ ಟಾನಿಕ್ಕನ್ನೂ ಹಿಮೋಗ್ಲೋಬಿನ್ ಕಡಿಮೆ ಎಂದ ಮಾತ್ರಕ್ಕೆ ಶುರು ಮಾಡಬೇಡಿ. ದೊಡ್ಡ ಕಾಯಿಲೆಯ ನಂತರ ಉರಿಯೂತದಿಂದ ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಹೆಚ್ಚೇ ತೋರಿಸುತ್ತದೆ, ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತ ಸಾಗಿಸುತ್ತಿರುವ ಕಬ್ಬಿಣದ ಲೆಕ್ಕ) ಶೇ. 20ಕ್ಕಿಂತ ಕಡಿಮೆ ಇದೆಯೇ ನೋಡಿ ನಿರ್ಧರಿಸಬೇಕು.

ಆಕ್ಸಿಡೇಟಿವ್ ಸ್ಟ್ರೆಸ್ ಅಳೆಯುತ್ತೇವೆ ಎಂಬ ಲ್ಯಾಬ್ ಪ್ಯಾಕೇಜ್‌ಗಳೂ ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಎಂಡಿಎ (ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತು) ಪರೀಕ್ಷೆಯ ಅಂಕಿ, ರಕ್ತ ತೆಗೆದ ಮೇಲೆ ಎಷ್ಟು ಹೊತ್ತು ಹೊರಗಿತ್ತು ಎಂಬುದರಿಂದಲೇ ಬದಲಾಗುತ್ತದೆ. ಇಷ್ಟು ಬಂದರೆ ಇಂಥ ಚಿಕಿತ್ಸೆ ಎಂಬ ಗಡಿರೇಖೆಯೂ ಅದಕ್ಕಿಲ್ಲ.

ಈಗ ನಿಮ್ಮ ಪಟ್ಟಿ. ಮೊದಲಿಗೆ ಕ್ಲೊನಜೆಪಾಮ್, ಇದೂ ಮೇಲೆ ಹೇಳಿದ ಬೆಂಜೊಡಯಜೆಪೈನ್ ಗುಂಪಿನದೇ. ವಯಸ್ಸಾದವರ ದೇಹದಲ್ಲಿ ಇದು ಒಂದೆರಡು ದಿನ ಉಳಿಯುತ್ತದೆ, ಹಾಗಾಗಿ ರಾತ್ರಿ ನುಂಗಿದ್ದರ ಮಂಪರು ಮಾರನೇ ಮಧ್ಯಾಹ್ನವೂ ಇರುತ್ತದೆ. ಗಮನ ಕೂಡಿಸುವುದು, ಹೊಸದನ್ನು ನೆನಪಿಡುವುದು ಎರಡನ್ನೂ ಕೆಡಿಸುತ್ತದೆ, ಬೀಳುವ ಅಪಾಯ ಬೇರೆ. ಮೂರು ತಿಂಗಳು ತಿಂದದ್ದನ್ನು ದಿಢೀರನೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವೊಮ್ಮೆ ಫಿಟ್ಸ್ ಬರಬಹುದು. ಆದ್ದರಿಂದ ನೀವೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುತ್ತಾ ಬರುತ್ತಾರೆ. ಕ್ವೆಟಿಯಾಪಿನ್ ಐಸಿಯುನಲ್ಲಿ ಗಲಾಟೆ ತಡೆಯಲು ಶುರು ಮಾಡಿ, ಡಿಸ್ಚಾರ್ಜ್ ಚೀಟಿಯಲ್ಲಿ ಹಾಗೇ ಉಳಿದುಹೋಗುವ ಮಾತ್ರೆ. ಸನ್ನಿ ಹೋಗಿ ವಾರಗಳಾದ ಮೇಲೆ ಅದಕ್ಕೆ ಕೆಲಸವಿಲ್ಲ. ಎರಡನ್ನೂ ಒಟ್ಟಿಗೆ ಇಳಿಸಬಾರದು. ಒಂದು ಮುಗಿದ ಮೇಲೆ ಇನ್ನೊಂದು, ಇಲ್ಲವಾದರೆ ನಿದ್ದೆ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಬರೆದುಕೊಟ್ಟ ವೈದ್ಯರನ್ನು ‘ಇದನ್ನು ಯಾವ ತಾರೀಖಿಗೆ ನಿಲ್ಲಿಸುತ್ತೀರಿ?’ ಎಂದೇ ಕೇಳಿ. ‘ಮುಂದುವರಿಸಬೇಕೇ?’ ಎಂದು ಕೇಳಿದರೆ ‘ಇರಲಿ’ ಎಂಬ ಉತ್ತರ ಬರುವುದೇ ಹೆಚ್ಚು.

ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ 2 ಮಿ.ಗ್ರಾಂ 66 ಕೆ.ಜಿ. ಇದ್ದಾಗಿನ ಡೋಸ್. ಈಗ 58, ಊಟವೂ ಕಡಿಮೆ, ಸೆಪ್ಸಿಸ್‌ನಲ್ಲಿ ಕಿಡ್ನಿಗೆ ಸ್ವಲ್ಪ ಪೆಟ್ಟಾಗಿದ್ದರೆ ಮಾತ್ರೆಯ ಪ್ರಭಾವ ಇನ್ನೂ ಹೆಚ್ಚು ಹೊತ್ತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ವಯಸ್ಸಾದವರಿಗೆ ಬೆವರು, ನಡುಕ ಬರದೇ ಬರೀ ಗೊಂದಲ, ಮಂಕು ಕಾಣಿಸಬಹುದು. ಒಂದು ವಾರ ಬೆಳಿಗ್ಗೆ ಖಾಲಿ ಹೊಟ್ಟೆ, ರಾತ್ರಿ ಊಟದ ಮುಂಚೆ, ಮತ್ತು ಎರಡು ದಿನ ಬೆಳಗಿನ ಜಾವ 3ಕ್ಕೆ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8ರ ಒಳಗಿದ್ದರೆ ಸಾಕು. 6.5ಕ್ಕೆ ಇಳಿಸಲು ಹೋಗಿ ಮೆದುಳಿಗೆ ಸಕ್ಕರೆ ತಪ್ಪಿಸುವುದು ಬೇಡ. ಸಕ್ಕರೆ ಬಿದ್ದು ಏಳುವ ಪ್ರತಿ ಸಲವೂ ಆಕ್ಸಿಡೇಟಿವ್ ಸ್ಟ್ರೆಸ್ ಏಳುತ್ತದೆ. ಅದನ್ನು ತಪ್ಪಿಸುವ ದಾರಿ ಈ ಮಾತ್ರೆಯ ಡೋಸ್‌ನಲ್ಲಿದೆ.

ಬಿಪಿ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಜೈಡ್ ರಕ್ತದ ಸೋಡಿಯಂ ಇಳಿಸುತ್ತದೆ. 130ರ ಕೆಳಗೆ ಹೋದರೆ ಮಂಕು, ಓಲಾಟ. ಜೊತೆಗೆ ನಿಂತಾಗ ಬಿಪಿ ಬೀಳುತ್ತದೆಯೇ ಮನೆಯಲ್ಲೇ ನೋಡಿ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಇನ್ನೆರಡು ಸಲ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಕಾಗದ ವೈದ್ಯರಿಗೆ ತೋರಿಸಬೇಕು. ಮೆಟ್‌ಫಾರ್ಮಿನ್ ಮತ್ತು ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ಕೂಡಿದರೆ ಬಿ12 ಇಳಿಯುತ್ತದೆ. ಪ್ಯಾಂಟೊಪ್ರಜೋಲ್ ಐಸಿಯುನಲ್ಲಿ ಶುರುವಾದದ್ದಾದರೆ ಇನ್ನೂ ಬೇಕೇ ಎಂದು ಕೇಳಿ. ಆಸ್ಪಿರಿನ್ ಇರುವುದರಿಂದ ಬೇಕೆನ್ನಲೂಬಹುದು. ನೆಗಡಿಗೆ ಅಂಗಡಿಯಲ್ಲಿ ಕೊಡುವ ಕ್ಲೋರ್‌ಫೆನಿರಮೈನ್, ನಿದ್ದೆಗೆ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್ ಇವು ಮೂರೂ ಈಗಿನ ಸ್ಥಿತಿಯಲ್ಲಿ ನೆನಪಿಗೆ ಶತ್ರು. ಕೆಮ್ಮಿನ ಸಿರಪ್ ತರುವಾಗಲೂ ಲೇಬಲ್ ಓದಿ.

ರಕ್ತಪರೀಕ್ಷೆಯ ಚೀಟಿಯಲ್ಲಿ ಇವಿಷ್ಟು ಇರಲಿ: ಹಿಮೋಗ್ಲೋಬಿನ್, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಟಿಎಸ್‌ಎಚ್ (ಥೈರಾಯ್ಡ್), ಬಿ12, ಎಚ್‌ಬಿಎ1ಸಿ, ಲಿವರ್ ಪರೀಕ್ಷೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ಥೈರಾಯ್ಡ್ ಅಂಕಿಯನ್ನು ತಪ್ಪಾಗಿ ತೋರಿಸಬಹುದು.

ಆಕ್ಸಿಜನ್ ಮೆಷಿನ್ ಬಗ್ಗೆ ಒಂದು ಮಾತು. ಆಕ್ಸಿಜನ್ ಔಷಧಿ, ಟಾನಿಕ್ ಅಲ್ಲ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇಲ್ಲದವರಿಗೆ ಆಕ್ಸಿಮೀಟರ್‌ನಲ್ಲಿ 94ರಿಂದ 98 ಗುರಿ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ 88ರಿಂದ 92. ಗುರಿ ಮುಟ್ಟಿದ ಮೇಲೆ ಇನ್ನಷ್ಟು ಕೊಟ್ಟರೆ ಮೆದುಳಿಗೆ ಹೆಚ್ಚಿನ ಲಾಭವೇನೂ ಇಲ್ಲ. ಎರಡು ಲೀಟರ್‌ನಿಂದ ಮೆದುಳು ಹಾಳಾಗುತ್ತದೆ ಎಂದು ಹೆದರಬೇಕಿಲ್ಲ. ಆದರೆ ಮೂಗು ಒಣಗುತ್ತದೆ, ರಾತ್ರಿ ಎದ್ದಾಗ ನಳಿಕೆ ಕಾಲಿಗೆ ತೊಡರುತ್ತದೆ. ಹಗಲು ಮೆಷಿನ್ ಇಲ್ಲದೆ ಅರ್ಧ ಗಂಟೆ ಕೂರಿಸಿ ನೋಡಿ, ಆಮೇಲೆ ಆರು ನಿಮಿಷ ನಡೆಸಿ ನೋಡಿ. ಎರಡೂ ಅಂಕಿ ಬರೆದುಕೊಂಡು ಎದೆರೋಗ ತಜ್ಞರಿಗೆ ತೋರಿಸಿದರೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಬೆರಳು ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ ಹಾಕಿ. ಚರ್ಮದ ಬಣ್ಣ ಗಾಢವಾಗಿದ್ದವರಲ್ಲಿ ಈ ಮೀಟರ್ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದೂ ನೆನಪಿರಲಿ. 93, 94ರ ಅಂಚಿನಲ್ಲಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಡಿಮೆನ್ಷಿಯಾ ಶುರುವಾಯಿತೇ ಎಂದು ಕೇಳಿದ್ದೀರಿ. ಮೂರು ತಿಂಗಳಿಗೆ, ಅದೂ ಕ್ಲೊನಜೆಪಾಮ್ ಒಳಗಿರುವಾಗ, ಆ ಹೆಸರು ಹಚ್ಚುವುದು ತಪ್ಪು. ಐಸಿಯು ನಂತರದ ತೊಂದರೆ ಸಾಮಾನ್ಯವಾಗಿ ಗಮನ, ವೇಗ, ಒಂದಾದ ಮೇಲೊಂದು ಕೆಲಸ ಜೋಡಿಸುವುದು ಇವುಗಳಲ್ಲಿ ಹೆಚ್ಚು. ಆಲ್‌ಝೈಮರ್ಸ್‌ನಲ್ಲಿ ಹೊಸ ವಿಷಯ ಒಳಗೆ ಕೂರುವುದೇ ಇಲ್ಲ. ವ್ಯತ್ಯಾಸ ಮನೆಯಲ್ಲೇ ಸ್ವಲ್ಪ ಕಾಣುತ್ತದೆ. ಬೆಳಗಿನ ಹೊತ್ತು, ಟಿವಿ ಆರಿಸಿ, ಹೀಗೆ ಹೇಳಿ: ‘ಅಪ್ಪಾ, ಸಕ್ಕರೆ 46, ತೊಗರಿಬೇಳೆ 85, ಕಾಫಿಪುಡಿ 120, ಸೋಪು 38. ಐನೂರು ಕೊಟ್ಟರೆ ಚಿಲ್ಲರೆ ಎಷ್ಟು ಬರುತ್ತೆ?’ ಎರಡು ಸಲ ಹೇಳಿ, ಕಾಗದ ಪೆನ್ನು ಕೊಡಿ. ಉತ್ತರ 211. ಸರಿಯೋ ತಪ್ಪೋ ಎನ್ನುವುದಕ್ಕಿಂತ ಎಲ್ಲಿ ಎಡವುತ್ತಾರೆ ನೋಡಿ. ನಿಧಾನವಾಗಿ ಆದರೂ ಸರಿ ಬಂದರೆ ತೊಂದರೆ ವೇಗದ್ದು. ಎರಡು ಕೂಡಿಸಿ ಮೂರನೆಯದಕ್ಕೆ ಬರುವಷ್ಟರಲ್ಲಿ ಬೇರೆ ಮಾತಿಗೆ ಹೋದರೆ ಗಮನದ್ದು. ಹತ್ತು ನಿಮಿಷ ಬಿಟ್ಟು ನಾಲ್ಕು ಸಾಮಾನು ಯಾವುವು ಎಂದು ಕೇಳಿ; ಮೂರು ಹೇಳಿ ನಿಂತರೆ ‘ಬೆಳಿಗ್ಗೆ ಎದ್ದು ಕುಡಿಯೋದು’ ಎಂದು ಸುಳಿವು ಕೊಡಿ. ತಕ್ಷಣ ‘ಕಾಫಿಪುಡಿ’ ಎಂದರೆ ವಿಷಯ ಒಳಗೆ ಕೂತಿದೆ, ಹೊರತೆಗೆಯುವುದು ಕಷ್ಟವಾಗಿದೆ. ಸುಳಿವು ಕೊಟ್ಟರೂ ‘ನೀನು ಯಾವಾಗ ಹೇಳಿದೆ?’ ಎಂದರೆ, ಹೀಗೆ ಮತ್ತೆ ಮತ್ತೆ ಆದರೆ, ಬೇಗ ತಜ್ಞರಿಗೆ ತೋರಿಸಬೇಕು. ಇದು ರೋಗನಿರ್ಣಯವಲ್ಲ, ವೈದ್ಯರಿಗೆ ಹೇಳಲು ಒಂದು ಆಧಾರ ಅಷ್ಟೇ. ಪರೀಕ್ಷೆ ಎಂದು ಗೊತ್ತಾಗುವ ಹಾಗೆ ದಿನಾ ಕೇಳಿ ಅವರನ್ನು ರೇಗಿಸಲೂಬೇಡಿ.

ನೆನಪು, ಗಮನ ಅಳೆಯುವ ಸರಿಯಾದ ಪರೀಕ್ಷೆಗೆ ಮೋಕಾ, ಎಸಿಇ-3, ಐಸಿಎಂಆರ್‌ನ ನ್ಯೂರೋಕಾಗ್ನಿಟಿವ್ ಟೂಲ್ ಬಾಕ್ಸ್ ಎಲ್ಲವೂ ಕನ್ನಡದಲ್ಲಿವೆ. ಕನ್ನಡದಲ್ಲೇ ಮಾಡಿಸಿ, ಇಂಗ್ಲಿಷ್ ಮೇಷ್ಟ್ರಾಗಿದ್ದರೂ ಸರಿ. ಒಂದು ಸಲ ನಿದ್ದೆ ಮಾತ್ರೆ ಇಳಿದು ತಿಂಗಳಾದ ಮೇಲೆ, ಇನ್ನೊಂದು ಸಲ ಆರು ತಿಂಗಳು ಬಿಟ್ಟು. ಎರಡರ ನಡುವಿನ ವ್ಯತ್ಯಾಸ ಒಂದು ಸಲದ ಅಂಕಕ್ಕಿಂತ ಹೆಚ್ಚು ಹೇಳುತ್ತದೆ. ಸ್ಥಿರವಾಗಿದ್ದರೆ, ಸುಧಾರಿಸಿದರೆ ಇದು ಸೆಪ್ಸಿಸ್‌ನ ಪೆಟ್ಟು. ಇಳಿಯುತ್ತಾ ಹೋದರೆ ಮೊದಲೇ ಒಳಗಿದ್ದ ಡಿಮೆನ್ಷಿಯಾದಂಥ ಕಾಯಿಲೆ ಈಗ ಹೊರಬಿದ್ದಿರಬಹುದು, ಆಗ ಎಂಆರ್‌ಐ ಮುಂತಾದವು ಬೇಕಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗವಿದೆ. ಹೋಗುವ ಮುಂಚೆ ಕಿವಿ ಪರೀಕ್ಷೆ ಮಾಡಿಸಿ. ಐಸಿಯುನಲ್ಲಿ ಕೊಡುವ ಅಮಿಕಾಸಿನ್‌ನಂಥ ಕೆಲವು ಇಂಜೆಕ್ಷನ್‌ಗಳಿಂದ ಕಿವಿ ಮಂದವಾಗಿರಬಹುದು, ಕೇಳಿಸದ್ದನ್ನು ಮರೆತರು ಎಂದುಕೊಂಡು ಬಿಡುತ್ತೇವೆ. ಮನಸ್ಸು ಕುಗ್ಗಿರುವುದೂ ಮರೆವಿನ ಹಾಗೇ ಕಾಣುತ್ತದೆ: ಊಟ ಬೇಡ, ಮಾತು ಬೇಡ, ಬೆಳಗಿನ ಜಾವಕ್ಕೇ ಎಚ್ಚರ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಮೆದುಳಿನ ಸ್ವಂತ ಆಂಟಿಆಕ್ಸಿಡೆಂಟ್ ವ್ಯವಸ್ಥೆಯನ್ನು ಹೆಚ್ಚಿಸುವ ಒಂದು ನಂಬಲರ್ಹ ದಾರಿ ಇದೆ: ವ್ಯಾಯಾಮ. ಸ್ನಾಯು ದುಡಿದಾಗ ಹುಟ್ಟುವ ಅಲ್ಪಸ್ವಲ್ಪ ಚುರುಕು ಕಣಗಳೇ ರಕ್ಷಕ ಕಿಣ್ವಗಳನ್ನು ಹೆಚ್ಚು ತಯಾರಿಸಲು ಸಂಕೇತ. 2009ರಲ್ಲಿ ಜರ್ಮನಿಯಲ್ಲಿ ಯುವಕರ ಮೇಲೆ ನಡೆದ ಅಧ್ಯಯನದಲ್ಲಿ ನಾಲ್ಕು ವಾರ ವ್ಯಾಯಾಮದ ಜೊತೆ ದಿನಕ್ಕೆ 1,000 ಮಿ.ಗ್ರಾಂ ವಿಟಮಿನ್ ಸಿ, 400 ಐಯು ವಿಟಮಿನ್ ಇ ಕೊಟ್ಟಾಗ ಆ ಸಂಕೇತ ಅಡಗಿಹೋಯಿತು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೂ ಸಿಗಲಿಲ್ಲ. ಕ್ಯಾಪ್ಸೂಲ್ ಕೊಟ್ಟು ವಾಕಿಂಗ್ ಕಳಿಸುವವರು ಇದನ್ನು ಯೋಚಿಸಬೇಕು.

ಶುರು ಮಾಡುವುದು ಹೀಗೆ. ಕೈ ಇಲ್ಲದ, ಗೋಡೆಗೆ ಒರಗಿಸಿದ 17 ಇಂಚು ಎತ್ತರದ ಕುರ್ಚಿ. ಕೈಗಳನ್ನು ಎದೆಗೆ ಅಡ್ಡ ಕಟ್ಟಿ 30 ಸೆಕೆಂಡ್‌ನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆ ಎಂದರೆ ಕಾಲಿನ ಬಲ ಕಡಿಮೆ. ಐದು ಬಂದರೂ ಹೆದರಬೇಡಿ. ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತು ನಾಲ್ಕೈದು ಸಲ ಎದ್ದು ಕೂರುವುದು, ಮಧ್ಯೆ ನಿಮಿಷ ವಿರಾಮ. ನಡಿಗೆ ಐದೈದು ನಿಮಿಷ ಮೂರು ಸಲ, ವಾರಕ್ಕೆ ಒಂದೆರಡು ನಿಮಿಷ ಏರಿಸಿ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಏದುಸಿರು ಸಾಕು. ಎದೆನೋವು, ತಲೆಸುತ್ತು, ಆಕ್ಸಿಮೀಟರ್ 88ಕ್ಕಿಂತ ಕೆಳಗೆ ಬಂದರೆ ನಿಲ್ಲಿಸಿ. ಎಲ್ಲರೂ ಮಾಡುವ ತಪ್ಪೆಂದರೆ ಚೆನ್ನಾಗಿದ್ದ ದಿನ ಒಂದು ಕಿಲೋಮೀಟರ್ ನಡೆಸಿ ಮಾರನೇ ಎರಡು ದಿನ ಮಲಗಿಸುವುದು.

ತೂಕ ಇಳಿದ ಎಂಟು ಕೆ.ಜಿ.ಯಲ್ಲಿ ಬಹುಪಾಲು ಸ್ನಾಯುವೇ ಇರಬಹುದು. ಕ್ರಿಯಾಟಿನಿನ್ ಸರಿಯಿದ್ದರೆ ಕೆ.ಜಿ.ಗೆ 1.2 ಗ್ರಾಂನಂತೆ ದಿನಕ್ಕೆ 70 ಗ್ರಾಂ ಪ್ರೋಟೀನ್ ಬೇಕು. ಎರಡು ಮೊಟ್ಟೆ 12, ಎರಡು ಲೋಟ ಹಾಲು 13, ಹಸಿ ತೂಕದಲ್ಲಿ 50 ಗ್ರಾಂ ಬೇಳೆ ಅಥವಾ ಕಾಳು 11, ಎರಡು ಬಟ್ಟಲು ಮೊಸರು 12, ಒಂದು ಹಿಡಿ ಶೇಂಗಾ 7, ಇಡೀ ದಿನದ ಮುದ್ದೆ, ಅನ್ನ, ಚಪಾತಿ 15ರ ಸುಮಾರು. ಮೊಟ್ಟೆ ತಿನ್ನದ ಮನೆಯಾದರೆ 25 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 13 ಗ್ರಾಂ ಸಿಗುತ್ತದೆ. ತಿಳಿಸಾರು ಅನ್ನದಲ್ಲಿ ಇದು ಕೂಡುವುದಿಲ್ಲ. ಸಾರಿನ ತಳದ ಬೇಳೆ ಬಡಿಸಿ. ಸೊಪ್ಪು, ಟೊಮೆಟೊ, ನೆಲ್ಲಿಕಾಯಿ, ಸೀಬೆ ದಿನಾ ಇರಲಿ, ಆಹಾರದಲ್ಲಿ ಬರುವ ಪ್ರಮಾಣಕ್ಕೆ ಮೇಲೆ ಹೇಳಿದ ಯಾವ ಭಯವೂ ಇಲ್ಲ. ವೆಂಟಿಲೇಟರ್ ನಳಿಕೆಯಿಂದ ನುಂಗುವ ಶಕ್ತಿ ಕುಗ್ಗಿರಬಹುದು. ನೀರು ಕುಡಿದಾಗ ಕೆಮ್ಮು, ಊಟದ ನಂತರ ಗಂಟಲಲ್ಲಿ ಗುಳುಗುಳು ಸದ್ದು ಇದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸದೇ ಬಿಡಬೇಡಿ, ಮುಂದಿನ ನ್ಯುಮೋನಿಯಾ ಅಲ್ಲಿಂದಲೇ ಬರಬಹುದು.

ಒಲೆ ಮೇಲಿನ ಹಾಲಿಗೆ ಮೆದುಳಿನ ಆಟದ ಆ್ಯಪ್‌ಗಿಂತ ಒಂದು ಚೀಟಿ ಹೆಚ್ಚು ಉಪಯೋಗ. ವ್ಯಾಂಡರ್‌ಬಿಲ್ಟ್‌ನಲ್ಲಿ ಐಸಿಯುನಿಂದ ಬಂದ 21 ಜನರ ಒಂದು ಸಣ್ಣ ಪ್ರಯೋಗದಲ್ಲಿ ವ್ಯಾಯಾಮದ ಜೊತೆ ಕೆಲಸ ಜೋಡಿಸುವ ತರಬೇತಿ ಕೊಟ್ಟಾಗ ಯೋಜಿಸುವ ಶಕ್ತಿ ಸುಧಾರಿಸಿತು. ಪ್ರಯೋಗ ಸಣ್ಣದು, ಆದರೆ ವಿಧಾನದಿಂದ ಹಾನಿಯಿಲ್ಲ: ಕೆಲಸಕ್ಕೆ ಮುಂಚೆ ನಿಲ್ಲುವುದು, ಏನು ಮಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು, ಹಂತಗಳಾಗಿ ಒಡೆಯುವುದು, ಮಧ್ಯದಲ್ಲಿ ಒಮ್ಮೆ ತಾಳೆ ನೋಡುವುದು. ಒಲೆ ಪಕ್ಕ ದಪ್ಪ ಅಕ್ಷರದಲ್ಲಿ ‘ಹಾಲು ಇಟ್ಟೆ – ಟೈಮರ್ 6 ನಿಮಿಷ – ಇಲ್ಲೇ ನಿಲ್ಲು – ಒಲೆ ಆರಿಸಿ ಗುರುತು ಹಾಕು’ ಎಂದು ಅಂಟಿಸಿ. ಅವರ ಕೆಲಸ ಕಿತ್ತುಕೊಂಡು ‘ನೀವು ಕೂತಿರಿ’ ಎನ್ನಬೇಡಿ. ಮೇಷ್ಟ್ರಾಗಿದ್ದವರಿಗೆ ಮೊಮ್ಮಕ್ಕಳ ಮಗ್ಗಿ ಕೇಳುವ ಕೆಲಸ ಕೊಡಿ, ಇಪ್ಪತ್ತು ನಿಮಿಷ ಸಾಕು.

ಮರೆವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಏಕಾಏಕಿ ಹೆಚ್ಚಿದರೆ, ಹಗಲೆಲ್ಲ ತೂಕಡಿಸಿ ರಾತ್ರಿ ಎದ್ದು ತಿರುಗಿದರೆ ಅದು ಮತ್ತೆ ಸನ್ನಿ. ಮೂತ್ರದ ಸೋಂಕು, ಮೂತ್ರ ಕಟ್ಟಿರುವುದು, ಮಲಬದ್ಧತೆ, ಸೋಡಿಯಂ ಇಳಿದಿರುವುದು, ಬಿದ್ದು ತಲೆಯೊಳಗೆ ರಕ್ತ ನಿಂತಿರುವುದು ಇವನ್ನು ಅದೇ ದಿನ ಹುಡುಕಬೇಕು. ಆಸ್ಪಿರಿನ್ ತಿನ್ನುವವರು ತಲೆ ತಾಗಿಸಿಕೊಂಡರೆ ಗಾಯ ಕಾಣದಿದ್ದರೂ ಸ್ಕ್ಯಾನ್ ಬೇಕೇ ಎಂದು ಕೇಳಿ. ಮತ್ತೆ ಆಸ್ಪತ್ರೆ ಸೇರಿಸಬೇಕಾದರೆ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಜೊತೆಗಿರಲಿ. ‘ಹಿಂದೆ ಡೆಲಿರಿಯಂ ಆಗಿತ್ತು, ಸಾಧ್ಯವಾದರೆ ಬೆಂಜೊಡಯಜೆಪೈನ್ ಬೇಡ’ ಎಂದು ದಾಖಲೆಯಲ್ಲಿ ಬರೆಸಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋಕಾಕಲ್ ಲಸಿಕೆ ಹಾಕಿಸಿ. ಮೆದುಳಿಗೆ ಇನ್ನೊಂದು ಸೆಪ್ಸಿಸ್ ತಪ್ಪಿಸುವುದರಷ್ಟು ದೊಡ್ಡ ಉಪಕಾರ ಬೇರಿಲ್ಲ.

ಸ್ಕೂಟರ್ ಕೀಲಿ ಸದ್ಯಕ್ಕೆ ಕೊಡಬೇಡಿ. ಕ್ಲೊನಜೆಪಾಮ್ ಪೂರ್ತಿ ನಿಂತು, ಸಕ್ಕರೆ ಬೀಳುವುದು ನಿಂತು, ಗಮನದ ಪರೀಕ್ಷೆ ಸರಿ ಬಂದ ಮೇಲೆ ಖಾಲಿ ಮೈದಾನದಲ್ಲಿ ನೋಡಿ ತೀರ್ಮಾನಿಸಿ. ಬ್ಯಾಂಕ್ ವಿಷಯದಲ್ಲಿ ಪೂರ್ತಿ ಕಿತ್ತುಕೊಳ್ಳುವುದೂ ಬೇಡ, ಪೂರ್ತಿ ಬಿಡುವುದೂ ಬೇಡ. ಪಿಂಚಣಿ ಖಾತೆಯ ಎಸ್‌ಎಂಎಸ್ ನಿಮ್ಮ ಫೋನಿಗೂ ಬರುವಂತೆ ಮಾಡಿ, ಯುಪಿಐ ಮತ್ತು ಎಟಿಎಂ ಮಿತಿಯನ್ನು ದಿನಕ್ಕೆ ಎರಡು ಮೂರು ಸಾವಿರಕ್ಕೆ ಇಳಿಸಿ, ತರಕಾರಿ, ಹಾಲಿನ ಲೆಕ್ಕ ಅವರ ಕೈಯಲ್ಲೇ ಇರಲಿ. ಓಟಿಪಿ ಕೇಳುವ ಕರೆ ಬಂದರೆ ಫೋನ್ ಇಟ್ಟು ನಿಮ್ಮನ್ನು ಕರೆಯಬೇಕೆಂದು ಚೀಟಿ ಬರೆದು ಫೋನ್ ಪಕ್ಕ ಇಡಿ. ಮನೆ, ಜಮೀನಿನ ಪತ್ರ, ವಿಲ್, ಸಾಲದ ಜಾಮೀನು ಇವುಗಳಿಗೆ ಎರಡನೇ ಪರೀಕ್ಷೆ ಮುಗಿಯುವ ತನಕ ಸಹಿ ಹಾಕಿಸಬೇಡಿ. ತುರ್ತಾದರೆ ಅದೇ ದಿನ ವೈದ್ಯರಿಂದ ಮಾನಸಿಕ ಸಾಮರ್ಥ್ಯದ ಪ್ರಮಾಣಪತ್ರ ಪಡೆದು ಹಾಕಿಸಿ. ಯಾರಾದರೂ ಸಹಿಗೆ ಒತ್ತಡ ತಂದರೆ ಹಿರಿಯ ನಾಗರಿಕರ ಸಹಾಯವಾಣಿ 14567.